ಬೆನ್ನಿನ ಬೇನೆ, ಕಣ್ಣಿನ ಉರಿ

ಹೆಂಚಿನ ಸಂದಿನಿಂದ ಕತ್ತಲೆಯ ಕೋಣೆಗೆ ಬಿಸಿಲುಕೋಲು ಇಳಿದಾಗ ಅದರಲ್ಲಿ ಧೂಳಿನ ಕಣಗಳು ಹೊಳೆಯುವುದನ್ನು ನಾವೆಲ್ಲರೂ ಕಂಡಿದ್ದೇವೆ. ಕಣಗಳು ಬೆಳಕನ್ನು ಚದರಿಸುವುದರಿಂದಲೇ ಅದರ ಹಾದಿ ಪಕ್ಕದಿಂದ ಕಾಣುವುದು. ಈ ಪರಿಣಾಮಕ್ಕೆ ಜಾನ್ ಟಿಂಡಲ್ ಎಂಬ ವಿಜ್ಞಾನಿಯ ಹೆಸರನ್ನಿಟ್ಟಿದ್ದಾರೆ. ಇದೇ ತತ್ತ್ವವು ಇಂದು ಅನೇಕರ ದೃಷ್ಟಿಯನ್ನು ಕಾಯುತ್ತಿದೆ.

ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬುದು ಬೆನ್ನೆಲುಬಿನ ಕೀಲುಗಳ ಉರಿಯೂತ. ಸಾಮಾನ್ಯವಾಗಿ ಯೌವನದಲ್ಲೇ ತಲೆದೋರುವ ಈ ರೋಗದಲ್ಲಿ ಮುಂಜಾನೆ ಬೆನ್ನು ಬಿಗಿದುಕೊಳ್ಳುವುದು, ನಡೆದಾಡಿದರೆ ಸಡಿಲವಾಗುವುದು. ವಿಚಿತ್ರವೇನೆಂದರೆ, ಈ ರೋಗಿಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಎಂದಾದರೊಮ್ಮೆ ಕಣ್ಣಿನೊಳಗೂ ಉರಿಯೂತವುಂಟಾಗುತ್ತದೆ. ಇದೇ ಯುವಿಯೈಟಿಸ್.

ಬೆನ್ನಿಗೂ ಕಣ್ಣಿಗೂ ಎತ್ತಣ ನಂಟು? ಎಚ್‌ಎಲ್‌ಎ-ಬಿ27 ಎಂಬ ಆನುವಂಶಿಕ ಗುರುತು ಬೆನ್ನಿನ ಈ ರೋಗಿಗಳಲ್ಲಿ ಬಹುಮಂದಿಗೆ ಇರುವುದೆಂದು 1973ರಲ್ಲಿ ಲಂಡನ್ ಮತ್ತು ಲಾಸ್ ಏಂಜಲೀಸ್ ನಗರಗಳ ಸಂಶೋಧಕರು ಕಂಡುಹಿಡಿದರು. ಅದೇ ವರ್ಷ ಕಣ್ಣಿನ ಉರಿಯೂತದೊಡನೆಯೂ ಅದರ ಸಂಬಂಧ ತಿಳಿದುಬಂದಿತು. ಆದರೆ ಈ ಗುರುತುಳ್ಳವರೆಲ್ಲರೂ ರೋಗಿಗಳಾಗುವುದಿಲ್ಲವೆಂಬುದನ್ನು ಮರೆಯಬಾರದು.

ಕಾರ್ನಿಯದ ಹಿಂದೆ ತಿಳಿನೀರಿನಂಥ ದ್ರವವಿದೆ. ಐರಿಸ್ ಎಂಬ ಬಣ್ಣದ ಪರದೆಗೆ ಉರಿಯೂತವಾದಾಗ ರಕ್ತನಾಳಗಳಿಂದ ಪ್ರೋಟೀನು ಮತ್ತು ಬಿಳಿಯ ರಕ್ತಕಣಗಳು ಈ ದ್ರವಕ್ಕೆ ಸೋರುತ್ತವೆ. ಸ್ವೀಡನ್ನಿನ ಗುಲ್‌ಸ್ಟ್ರಾಂಡ್ 1911ರಲ್ಲಿ ತೋರಿಸಿಕೊಟ್ಟ ಸ್ಲಿಟ್ ಲ್ಯಾಂಪಿನಿಂದ ವೈದ್ಯರು ಸಣ್ಣ ಬೆಳಕಿನ ಸೀಳನ್ನು ಹಾಯಿಸುತ್ತಾರೆ. ಆರೋಗ್ಯವಂತ ಕಣ್ಣಿನ ದ್ರವದಲ್ಲಿ ಆ ಬೆಳಕಿನ ಹಾದಿ ಕಾಣದು. ಉರಿಯೂತವಿದ್ದರೆ ಬಿಸಿಲುಕೋಲಿನಂತೆ ಮಸುಕಾಗಿ ಬೆಳಗುವುದು.

ಚಿಕಿತ್ಸೆ ತಡವಾದರೆ ಐರಿಸ್ ಹಿಂದಿನ ಮಸೂರಕ್ಕೆ ಅಂಟಿಕೊಳ್ಳಬಹುದು. ಆದುದರಿಂದ ಉರಿಯೂತವನ್ನಡಗಿಸುವ ಸ್ಟೀರಾಯ್ಡ್ ಹನಿಗಳೊಡನೆ ಪಾಪೆಯನ್ನು ಹಿಗ್ಗಿಸುವ ಹನಿಗಳನ್ನೂ ಹಾಕುತ್ತಾರೆ.

ಬೆನ್ನಿಗೆ ಔಷಧ ನಡೆಯುತ್ತಿರುವಾಗಲೂ ಕಣ್ಣು ಕೆರಳಬಹುದು. ಉರಿಯೂತವನ್ನು ಹೆಚ್ಚಿಸುವ ಟಿಎನ್‌ಎಫ್ ಎಂಬ ಪ್ರೋಟೀನನ್ನು ತಡೆಯುವ ಔಷಧಗಳಲ್ಲಿ ಅಡಾಲಿಮುಮ್ಯಾಬ್, ಇನ್‌ಫ್ಲಿಕ್ಸಿಮ್ಯಾಬ್ ಇವು ಪ್ರತಿಕಾಯಗಳು. ಇವು ಕಣ್ಣಿನ ಉರಿಯೂತ ಮರುಕಳಿಸುವುದನ್ನೂ ಕಡಮೆ ಮಾಡುತ್ತವೆ. ಎಟನರ್ಸೆಪ್ಟ್ ಆದರೋ ಟಿಎನ್‌ಎಫನ್ನು ಹಿಡಿದಿಡುವ ಗ್ರಾಹಕದ ನಕಲು. ಬೆನ್ನಿಗೆ ಇದು ಚೆನ್ನಾಗಿ ಒದಗಿದರೂ ಕಣ್ಣಿಗೆ ಅಷ್ಟು ರಕ್ಷಣೆ ನೀಡದು. ಆದುದರಿಂದಲೇ ಔಷಧವನ್ನು ಆರಿಸುವಾಗ ವೈದ್ಯರು ಕಣ್ಣಿನ ಪೂರ್ವಕಥೆಯನ್ನೂ ಕೇಳುತ್ತಾರೆ.

ಒಂದು ಕಣ್ಣು ಕೆಂಪೇರಿ, ನೋವಿನೊಡನೆ ಬೆಳಕನ್ನು ಸಹಿಸಲಾರದೆ ದೃಷ್ಟಿ ಮಂಜಾದರೆ ಅದನ್ನು ಸಾಮಾನ್ಯ ಕಣ್ಣುಬೇನೆಯೆಂದು ಉಪೇಕ್ಷಿಸಬಾರದು. ಮನೆಯಲ್ಲಿ ಉಳಿದ ಹನಿಗಳನ್ನು ಹಾಕಿಕೊಳ್ಳದೆ, ಬೆನ್ನಿನ ಔಷಧವನ್ನು ತಾವಾಗಿಯೇ ನಿಲ್ಲಿಸದೆ, ಅಂದೇ ನೇತ್ರವೈದ್ಯರನ್ನು ಕಾಣಬೇಕು. ಹಲವು ತಿಂಗಳಿಂದ ಮುಂಜಾನೆ ಬೆನ್ನು ಬಿಗಿಯುತ್ತಿದ್ದರೆ ಅದನ್ನೂ ಅವರಿಗೆ ತಿಳಿಸಬೇಕು. ಎಷ್ಟೋ ವೇಳೆ ಬೆನ್ನಿನ ರೋಗದ ಸುಳಿವು ಮೊದಲು ದೊರೆಯುವುದು ಕಣ್ಣಿನಿಂದಲೇ.