ದ್ವೀಪಕ್ಕೆ ಹೊರಡುವ ಮುನ್ನ



"ಫಾದರ್, ಈ ಸಲ ವೇಳಾಂಕಣ್ಣಿಯೂ ಬೇಡ, ಊಟಿಯೂ ಬೇಡ. ಸಮುದ್ರದೊಳಗೆ ಮುಳುಗಿ ಮೀನು ನೋಡುವ ಜಾಗಕ್ಕೆ ಹೋಗೋಣ" ಎಂದು ನಮ್ಮ ವಾರ್ಡಿನ ಗುರಿಕಾರರು ಹೇಳಿದಾಗ ನಾವು ನಕ್ಕುಬಿಟ್ಟೆವು. ಐವತ್ತೆಂಟು ವರ್ಷದ ಮನುಷ್ಯ, ಮೊಮ್ಮಗನಿಗೆ ಮಾತು ಕೊಟ್ಟುಬಿಟ್ಟಿದ್ದರು. ಮಾತು ಉಳಿಯಬೇಕಲ್ಲ! ಹಾಗೆ ಐದು ಕುಟುಂಬಗಳ ಹದಿನೇಳು ಮಂದಿ 2023ರ ಏಪ್ರಿಲ್‌ನಲ್ಲಿ, ಈಸ್ಟರ್ ಕಳೆದ ವಾರ, ಲಕ್ಷದ್ವೀಪದ ಕದ್ಮತ್ ದ್ವೀಪಕ್ಕೆ ಹೋಗಿ ಬಂದೆವು. ಅಂದಿನಿಂದ ಇಂದಿನವರೆಗೂ ಭಾನುವಾರದ ಪೂಜೆ ಮುಗಿದು ಹೊರಗೆ ಬಂದರೆ ಸಾಕು, "ಹೇಗೆ ಹೋಗುವುದು? ಏನೇನು ಕೊಂಡೊಯ್ಯಬೇಕು?" ಎಂಬ ಪ್ರಶ್ನೆ. ದ್ವೀಪದ ಸೊಬಗನ್ನು ವರ್ಣಿಸಲು ಬಣ್ಣದ ಪುಸ್ತಿಕೆಗಳಿವೆ. ನಾವು ಇಲ್ಲಿ ಬರೆಯುವುದು ಹೊರಡುವ ಮುಂಚಿನ ಸಂಗತಿಗಳನ್ನು, ಅದರಲ್ಲೂ ನಾವು ಎಡವಿದ್ದನ್ನು.

ಕದ್ಮತ್ ನಮಗೆ ತೀರಾ ಪರಊರೇನಲ್ಲ. ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲತ್, ಬಿತ್ರ ಈ ಐದು ದ್ವೀಪಗಳು ಬ್ರಿಟಿಷರ ಕಾಲದಿಂದ 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು, ನಮ್ಮ ಕಾಸರಗೋಡು ತಾಲೂಕಿನ ಹಾಗೆ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು, ಅವರು ಕೇಂದ್ರಾಡಳಿತಕ್ಕೆ ಸೇರಿದರು. ಅದೇ ದಿನ, ಅದೇ ಮನೆಯಿಂದ ಇಬ್ಬರು ಹೊರಟ ಹಾಗೆ. ದ್ವೀಪದ ತೆಂಗಿನ ಹುರಿ ಓಡಗಳಲ್ಲಿ ಮಂಗಳೂರಿಗೆ ಬಂದು, ಅದೇ ಓಡಗಳಲ್ಲಿ ಅಕ್ಕಿ ಹಿಂದಿರುಗುತ್ತಿದ್ದ ಕಾಲವದು. ಈಗ ಪ್ರವಾಸಿಗಳಿಗೆ ಹೆಬ್ಬಾಗಿಲು ಕೊಚ್ಚಿ. ನಾವು ರಾತ್ರಿಯ ರೈಲು ಹತ್ತಿ ಎರ್ನಾಕುಳಂನಲ್ಲಿ ಇಳಿದು, ವಿಲ್ಲಿಂಗ್ಡನ್ ದ್ವೀಪದ ಹಡಗುಕಟ್ಟೆಗೆ ಹೋದೆವು. ಅಲ್ಲಿಂದ ಕದ್ಮತ್ ಸುಮಾರು 400 ಕಿ.ಮೀ. ಹಡಗಿಗೆ ಒಂದು ರಾತ್ರಿ ಮತ್ತು ಮೇಲಷ್ಟು ಹೊತ್ತು ಬೇಕು. ವಿಮಾನವಾದರೆ ಅಗತ್ತಿಯವರೆಗೆ. 2024ರಲ್ಲಿ ಬೆಂಗಳೂರು ಮತ್ತು ಗೋವಾದಿಂದಲೂ ಅಗತ್ತಿಗೆ ವಿಮಾನ ಆರಂಭವಾಯಿತು. ಆದರೆ ಸಣ್ಣ ವಿಮಾನ, ಸಾಮಾನಿಗೆ ಮಿತಿ ಕಡಿಮೆ, ವೇಳಾಪಟ್ಟಿ ಬದಲಾಗುತ್ತಿರುತ್ತದೆ. ವಿಚಾರಿಸದೆ ರಜೆ ಬರೆದುಕೊಡಬೇಡಿ.

ಮೊದಲ ಕೆಲಸ ಪರವಾನಗಿ. ಲಕ್ಷದ್ವೀಪಕ್ಕೆ ಭಾರತೀಯರಾದ ನಾವೂ ಅನುಮತಿ ಪತ್ರವಿಲ್ಲದೆ ಕಾಲಿಡುವಂತಿಲ್ಲ. ಗುರುತು ಚೀಟಿ, ಫೋಟೋ, ಪೊಲೀಸ್ ಠಾಣೆಯಿಂದ ನಡತೆ ಪ್ರಮಾಣಪತ್ರ ಎಲ್ಲವೂ ಬೇಕು. ಎರಡು ತಿಂಗಳು ಮೊದಲೇ ಶುರುಮಾಡಿದರೂ ನಮಗೆ ಕೊನೆಯ ವಾರದವರೆಗೆ ಓಡಾಟವಿತ್ತು. ಕಾರಣ, ಗಡಿನಾಡಿನ ನಮ್ಮ ಹಳೆಯ ಕಾಯಿಲೆ: ಹೆಸರು. ಶಾಲೆಯ ಕನ್ನಡ ದಾಖಲೆಯಲ್ಲಿ ಡಿಸೋಜ, ಮಲಯಾಳದ ರೇಷನ್ ಕಾರ್ಡಿನಲ್ಲಿ ಡಿಸೂಸ, ಆಧಾರ್‌ನಲ್ಲಿ ಇನ್ನೊಂದು. ಒಬ್ಬ ಸಹೋದರಿಯ ಜ್ಞಾನಸ್ನಾನದ ಹೆಸರು ಒಂದು, ಮದುವೆಯ ನಂತರದ್ದು ಇನ್ನೊಂದು. ಟಿಕೆಟ್, ಪರವಾನಗಿ, ಗುರುತು ಚೀಟಿ ಮೂರರಲ್ಲೂ ಒಂದೇ ಅಕ್ಷರ ಇರುವಂತೆ ಮೊದಲೇ ನೋಡಿಕೊಳ್ಳಿ. ಹಡಗುಕಟ್ಟೆಯಲ್ಲಿ ನಿಂತು ಚರ್ಚ್ ರಿಜಿಸ್ಟರ್ ತೋರಿಸಲಾಗದು.

ಕಾಲದ ಬಗ್ಗೆ ಎರಡು ಮಾತು. ಅಕ್ಟೋಬರ್‌ನಿಂದ ಮೇ ಮಧ್ಯದವರೆಗೆ ಸಮುದ್ರ ಶಾಂತ, ನೀರು ತಿಳಿ. ಮಳೆಗಾಲದಲ್ಲಿ ಈ ಯೋಚನೆಯೇ ಬೇಡ. ಆದರೆ ಹವಾಮಾನದ ಪಂಚಾಂಗ ಮಾತ್ರ ನೋಡಿದರೆ ಸಾಲದು ಎಂಬುದು ನಮಗೆ ಅಲ್ಲಿಗೆ ಹೋದ ಮೇಲೆ ತಿಳಿಯಿತು. ದ್ವೀಪವಾಸಿಗಳು ಬಹುತೇಕ ಎಲ್ಲರೂ ಮುಸ್ಲಿಂ ಬಾಂಧವರು. 2023ರಲ್ಲಿ ನಮ್ಮ ಈಸ್ಟರ್ ಬಂದದ್ದು ಅವರ ರಂಜಾನಿನ ನಡುವೆ. ತಪಸ್ಸು ಕಾಲದ ಉಪವಾಸ ಮುಗಿಸಿ ನಾವು ಹೊಟ್ಟೆತುಂಬ ಉಣ್ಣಲು ಹೋದರೆ, ಅಲ್ಲಿ ನಮಗೆ ಬಡಿಸುವವರು ನೀರು ಕೂಡ ಕುಡಿಯದೆ ನಿಂತಿದ್ದರು. ಮುಖದಲ್ಲಿ ಒಂದಿಷ್ಟೂ ಬೇಸರವಿರಲಿಲ್ಲ, ನಿಜ. ಆದರೂ ಮುಂಚೆಯೇ ಗೊತ್ತಿದ್ದರೆ ಒಂದು ವಾರ ಆಚೀಚೆ ಮಾಡಬಹುದಿತ್ತು ಎನಿಸಿತು. ಜನವಸತಿಯ ದ್ವೀಪಗಳಲ್ಲಿ ಮದ್ಯ ನಿಷಿದ್ಧ. ಊರೊಳಗೆ ನಡೆಯುವಾಗ ಈಜುಡುಗೆಯಲ್ಲಿ ತಿರುಗಬಾರದು. ನಮ್ಮ ಹಬ್ಬದ ಬೀದಿಯಲ್ಲಿ ಬೇರೆಯವರು ಹಾಗೆ ತಿರುಗಿದರೆ ನಮಗೆ ಹೇಗನಿಸುತ್ತದೋ ಅವರಿಗೂ ಹಾಗೆಯೇ.

ಇನ್ನು ದೇಹದ ಸಿದ್ಧತೆ. ಈಜು ಬಾರದವರೂ ಶಿಕ್ಷಕರ ಕೈಹಿಡಿದು ಮುಳುಗಬಹುದು, ಹತ್ತು ವರ್ಷ ತುಂಬಿದ ಮಕ್ಕಳೂ ಮುಳುಗಬಹುದು. ಆದರೂ ನೀರಿನ ಅಂಜಿಕೆಯನ್ನು ಊರಿನಲ್ಲೇ ಕಳೆದುಕೊಂಡು ಹೋಗುವುದು ಒಳ್ಳೆಯದು. ನಮ್ಮವರು ಮೂರು ತಿಂಗಳು ಪ್ರತಿ ಶನಿವಾರ ಗುರಿಕಾರರ ತೋಟದ ಮದಕದಲ್ಲಿ ಅಭ್ಯಾಸ ಮಾಡಿದರು. ಮುಖಕ್ಕೆ ಕನ್ನಡಕದಂಥ ಮಾಸ್ಕ್ ಹಾಕಿ, ಬಾಯಿಂದ ಮಾತ್ರ ಉಸಿರಾಡುವುದನ್ನು ಕಲಿಯಬೇಕು. ಮಾಸ್ಕ್ ಕೊಳ್ಳುವಾಗ ಪಟ್ಟಿ ಕಟ್ಟದೆ ಮುಖಕ್ಕಿಟ್ಟು ಮೂಗಿನಿಂದ ಉಸಿರೆಳೆಯಿರಿ. ಕೈಬಿಟ್ಟರೂ ಬೀಳದೆ ಅಂಟಿ ನಿಂತರೆ ಅದು ನಿಮ್ಮ ಮುಖದ ಅಳತೆ. ದಪ್ಪ ಮೀಸೆಯಿದ್ದರೆ ನೀರು ಒಳಗೆ ಸೋರುತ್ತದೆ. ಈ ಕಾರಣಕ್ಕೆ ನಾವು ಹದಿನೈದು ವರ್ಷದ ಮೀಸೆ ತೆಗೆಸಿದೆವು. ಊರಿನ ಅಜ್ಜಿಯರು ಏನೋ ಹರಕೆಯಿರಬೇಕು ಎಂದುಕೊಂಡರು!

ಚೀಲದಲ್ಲಿ ಬಟ್ಟೆ ಕಡಿಮೆಯಿರಲಿ. ಬೇಕಾದದ್ದು: ತುಂಬುತೋಳಿನ ತೆಳು ಈಜಂಗಿ (ಮೈಗೆ ಹಚ್ಚುವ ಬಿಸಿಲು ಕ್ರೀಮುಗಳಲ್ಲಿ ಕೆಲವು ಹವಳಕ್ಕೆ ಕೇಡು, ಬಟ್ಟೆಯೇ ಲೇಸು), ಟೊಪ್ಪಿ, ನೀರಿನಲ್ಲಿ ನಡೆಯಲು ಗಟ್ಟಿ ಅಡಿಯ ಪಾದರಕ್ಷೆ, ಟಾರ್ಚು, ಸಾಕಷ್ಟು ನಗದು ಹಣ. ಹವಳ ತಾಗಿದ ಗಾಯ ಚಿಕ್ಕದಾದರೂ ಬೇಗ ಕೀವಾಗುತ್ತದೆ, ಶುದ್ಧ ನೀರಿನಿಂದ ತಿಕ್ಕಿ ತೊಳೆಯಬೇಕು. ಕಲ್ಲುಮೀನಿನಂಥ ಮುಳ್ಳುಮೀನು ಚುಚ್ಚಿದರೆ ತಾಳುವಷ್ಟು ಬಿಸಿಯ ನೀರಿನಲ್ಲಿ ಕಾಲಿಟ್ಟುಕೊಂಡು ಕೂಡಲೇ ವೈದ್ಯರ ಬಳಿಗೆ ಹೋಗಬೇಕು. ಹಡಗಿನ ವಾಂತಿಗೆ ಮಾತ್ರೆಯನ್ನು ವೈದ್ಯರನ್ನು ಕೇಳಿ, ಹಡಗು ಹತ್ತುವ ಒಂದು ಗಂಟೆ ಮೊದಲೇ ತೆಗೆದುಕೊಳ್ಳಬೇಕು. ವಾಂತಿ ಶುರುವಾದ ಮೇಲೆ ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಅದು ನಿದ್ದೆ ತರಿಸುವುದರಿಂದ ನೀರಿಗಿಳಿಯುವ ಮುಂಚೆ ಅದನ್ನು ತೆಗೆದುಕೊಳ್ಳಬಾರದು. ನೀರನ್ನು ಮಿತವಾಗಿ ಬಳಸುವ ಅಭ್ಯಾಸ ಮನೆಯಿಂದಲೇ ಬರಲಿ. ದ್ವೀಪದಲ್ಲಿ ಹೊಳೆಯಿಲ್ಲ, ಮರಳಿನಡಿ ಉಪ್ಪುನೀರಿನ ಮೇಲೆ ತೇಲುವ ಮಳೆನೀರಿನ ತೆಳುಪದರವೇ ಬಾವಿ. ಕವರತ್ತಿಯಲ್ಲಿ 2005ರಲ್ಲಿ ಸಮುದ್ರದ ನೀರನ್ನೇ ಕುಡಿಯುವ ನೀರಾಗಿಸುವ ಸ್ಥಾವರ ಕಟ್ಟಿದ್ದು ಸುಮ್ಮನೆ ಅಲ್ಲ.

ಈಗ ನಾವು ಎಡವಿದ ಕಥೆ.

ಮುಳುಗುವವರು ಮೊದಲೇ ಒಂದು ಆರೋಗ್ಯದ ಫಾರ್ಮ್ ತುಂಬಿಕೊಡಬೇಕು. ಅಸ್ತಮಾ ಇದೆಯೇ, ಹೃದಯದ ತೊಂದರೆ, ಫಿಟ್ಸ್, ಸಕ್ಕರೆ ಕಾಯಿಲೆ, ಕಿವಿಯ ಶಸ್ತ್ರಚಿಕಿತ್ಸೆ, ಗರ್ಭಧಾರಣೆ, ಹೀಗೆ ಪ್ರಶ್ನೆಗಳು. ಒಂದಕ್ಕೆ 'ಹೌದು' ಎಂದರೂ ವೈದ್ಯರ ಪತ್ರ ಬೇಕು. ರೈಲಿನಲ್ಲಿ ಕುಳಿತು ಹನ್ನೊಂದು ಜನರ ಫಾರ್ಮ್ ತುಂಬಿಸಿದವರು ನಾವೇ. ರಾತ್ರಿ ಹತ್ತು ಗಂಟೆ, ಎಲ್ಲರಿಗೂ ನಿದ್ದೆ. "ಎಲ್ಲದಕ್ಕೂ ಇಲ್ಲ ಎಂದು ಬರೆದು ಸಹಿ ಹಾಕಿ" ಎಂದೆವು. ಹಾಕಿದರು. ಗುರಿಕಾರರು ಪೆನ್ನು ಹಿಡಿದು ಒಂದು ಕ್ಷಣ ನಮ್ಮ ಮುಖ ನೋಡಿದ್ದು ನೆನಪಿದೆ. ನಾವು ಮುಂದಿನವರಿಗೆ ಫಾರ್ಮ್ ಕೊಡುವ ಅವಸರದಲ್ಲಿದ್ದೆವು.

ಮರುದಿನ ಹಡಗು ಹತ್ತಿ, ಅದರ ಮಾರನೆಯ ದಿನ ಕದ್ಮತ್ ತಲುಪಿದೆವು. ಅಂದು ಹಡಗು ದಡಕ್ಕೆ ತಾಗಲಿಲ್ಲ, ಹೊರಗೆ ಆಳದಲ್ಲಿ ನಿಂತಿತು. ಅಲೆಗೆ ಏರಿಳಿಯುವ ಸಣ್ಣ ದೋಣಿಗೆ ನಮ್ಮನ್ನು ಇಬ್ಬರು ತೋಳು ಹಿಡಿದು ಇಳಿಸಿದರು. "ಎರಡೂ ಕೈ ಖಾಲಿ ಇರಲಿ" ಎಂದು ಕೂಗುತ್ತಿದ್ದರು. ಗುರಿಕಾರರು ಕೈಚೀಲವನ್ನು ಕ್ಯಾಬಿನ್ನಿನಲ್ಲೇ ಬಿಟ್ಟು, ದೊಡ್ಡ ಸಾಮಾನಿನ ಜೊತೆ ಬರುತ್ತದೆಂದು ನಂಬಿದರು. ಅದು ಬರಲಿಲ್ಲ. ಹಡಗು ಮುಂದಿನ ದ್ವೀಪಕ್ಕೆ ಹೋಯಿತು, ಹಿಂದಿರುಗುವುದು ನಾಲ್ಕು ದಿನದ ಮೇಲೆ. ಸಂಜೆ ಏಳಕ್ಕೆ ಅವರ ಪತ್ನಿ ಅಳುತ್ತ ನಮ್ಮ ಕೋಣೆಗೆ ಬಂದಾಗಲೇ ನಮಗೆ ತಿಳಿದದ್ದು: ಆ ಚೀಲದಲ್ಲಿ ಇನ್ಸುಲಿನ್ ಇತ್ತು. ದಿನಕ್ಕೆ ಎರಡು ಸಲ ಚುಚ್ಚಿಕೊಳ್ಳುತ್ತಿದ್ದರಂತೆ, ಆರು ವರ್ಷದಿಂದ. ಮೊಮ್ಮಗನಿಗೆ ಗೊತ್ತಾದರೆ ನೀರಿಗಿಳಿಯಲು ಬಿಡಲಾರನೆಂದು ಮುಚ್ಚಿಟ್ಟಿದ್ದರು.

ದ್ವೀಪದ ಸರಕಾರಿ ಆರೋಗ್ಯ ಕೇಂದ್ರಕ್ಕೆ ಓಡಿದೆವು. ವೈದ್ಯರು ಆಗ ತಾನೇ ಉಪವಾಸ ಬಿಡಲು ಖರ್ಜೂರ ಕೈಗೆತ್ತಿಕೊಂಡಿದ್ದರು. ಅದನ್ನು ತಟ್ಟೆಗಿಟ್ಟು ಎದ್ದರು. ರಕ್ತ ಪರೀಕ್ಷಿಸಿ, ತಮ್ಮಲ್ಲಿದ್ದ ಇನ್ಸುಲಿನ್ ಕೊಟ್ಟರು. ನಂತರ ಮಲಯಾಳದಲ್ಲಿ ಕೇಳಿದರು, "ಇಲ್ಲಿಗೆ ಏನು ಮಾಡಲು ಬಂದಿರಿ?" ನಾಳೆ ಡೈವಿಂಗ್ ಎಂದರು ಗುರಿಕಾರರು. "ಫಾರ್ಮಿನಲ್ಲಿ ಇದನ್ನು ಬರೆದಿದ್ದೀರಾ?" ಗುರಿಕಾರರು ಉತ್ತರ ಕೊಡದೆ ನಮ್ಮ ಕಡೆ ನೋಡಿದರು.

ಆ ನೋಟ ನಮಗೆ ಇಂದಿಗೂ ಭಾರ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಶ್ರಮದಿಂದ ಸಕ್ಕರೆ ದಿಢೀರನೆ ಇಳಿಯಬಹುದು. ನೆಲದ ಮೇಲಾದರೆ ಒಂದು ಪೆಪ್ಪರ್‌ಮಿಂಟು ಬಾಯಿಗೆ ಹಾಕಿಕೊಳ್ಳಬಹುದು, ನೀರಿನಡಿ ಪ್ರಜ್ಞೆ ತಪ್ಪಿದರೆ ಬಾಯಲ್ಲಿರುವ ಉಸಿರಿನ ನಳಿಗೆಯೇ ಕಳಚಿಬೀಳುತ್ತದೆ. ಇದನ್ನು ವೈದ್ಯರು ಗದರಿಸದೆ, ಮಗುವಿಗೆ ಹೇಳುವಂತೆ ಹೇಳಿದರು. ಬೆಳಗ್ಗೆ ನಾವೇ ಡೈವಿಂಗ್ ಶಿಕ್ಷಕರ ಬಳಿ ಹೋಗಿ ಹನ್ನೊಂದು ಫಾರ್ಮುಗಳನ್ನೂ ಹಿಂದೆ ಪಡೆದು, ಒಬ್ಬೊಬ್ಬರನ್ನೇ ಪ್ರತ್ಯೇಕ ಕೂರಿಸಿ ಹೊಸದಾಗಿ ತುಂಬಿಸಿದೆವು. ಇನ್ನೊಬ್ಬ ಸಹೋದರಿಗೆ ಬಾಲ್ಯದ ಅಸ್ತಮಾ, ಒಬ್ಬ ಯುವಕನಿಗೆ ಅಂದೇ ನೆಗಡಿ. ಮೂವರು ಹೊರಗುಳಿದರು. ಆದ್ದರಿಂದ ಔಷಧದ ಚೀಲ ಎರಡು ಭಾಗವಾಗಿರಲಿ, ಒಂದು ಮೈಮೇಲೆ, ಇನ್ನೊಂದು ಜೊತೆಗಾರರ ಬಳಿ. ಇನ್ಸುಲಿನ್ ಬಿಸಿಲಿಗೆ ಬೀಳದಂತೆ ನೋಡಿಕೊಳ್ಳಬೇಕು, ವಿಮಾನದಲ್ಲಾದರೆ ಕೈಯಲ್ಲೇ ಇರಬೇಕು.

ನಾವೂ ಇಳಿದೆವು. ಮೂರು ಮೀಟರಿಗೇ ಕಿವಿ ಸಿಡಿಯುವಂತಾಯಿತು. ಮೂಗು ಒತ್ತಿ ಹಿಡಿದು ಮೆಲ್ಲನೆ ಊದಿದರೆ ಕಿವಿ ತೆರೆಯುತ್ತದೆ. ನೋವು ಬರುವ ಮುಂಚೆಯೇ ಪದೇ ಪದೇ ಮಾಡಬೇಕು. ನೆಗಡಿಯಿದ್ದರೆ ಅದು ತೆರೆಯದು, ಪರದೆ ಹರಿಯಬಹುದು. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು. ಅಲ್ಲಿ ಎಳೆದ ಉಸಿರನ್ನು ಹಿಡಿದುಕೊಂಡು ಮೇಲೇರಿದರೆ ಶ್ವಾಸಕೋಶದೊಳಗೆ ಗಾಳಿ ಹಿಗ್ಗಿ ಪ್ರಾಣಕ್ಕೇ ಅಪಾಯ. ಆದ್ದರಿಂದ ಉಸಿರು ಕಟ್ಟಬಾರದು, ಇದೇ ಮೊದಲ ಪಾಠ. ಮುಳುಗಿದ ನಂತರ ಕನಿಷ್ಠ 18 ಗಂಟೆ, ಸಾಧ್ಯವಾದರೆ ಪೂರ್ತಿ ಒಂದು ದಿನ ವಿಮಾನ ಹತ್ತಬಾರದು. ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಯಾಗುತ್ತದೆ. ದುಬೈಯಿಂದ ರಜೆಗೆ ಬಂದಿದ್ದ ನಮ್ಮ ಯುವಕ ಕೊಚ್ಚಿಯಿಂದ ತನ್ನ ವಿಮಾನದ ಗಂಟೆಗಳನ್ನು ಬೆರಳಲ್ಲಿ ಎಣಿಸಿ, ಕೊನೆಯ ದಿನದ ಮುಳುಗನ್ನು ಬಿಟ್ಟ.

ಕೆಳಗೆ ಕಂಡದ್ದು ಚಿತ್ರಪುಸ್ತಕದ ಬಣ್ಣವಲ್ಲ. ನೀರು ಮೊದಲು ಕೆಂಪನ್ನು ನುಂಗುತ್ತದೆ, ಎಲ್ಲವೂ ನೀಲಿ. ಹವಳಗಳಲ್ಲಿ ಬಹಳಷ್ಟು ಸತ್ತ ಕಲ್ಲು. ಸಮುದ್ರ ಬಿಸಿಯಾಗಿ 1998, 2010, 2016ರಲ್ಲಿ ಹವಳಗಳು ಬಿಳಿಚಿದ್ದವು. ನಾವು ಬಂದ ಮರುವರ್ಷ, 2024ರಲ್ಲಿ, ಮತ್ತೊಮ್ಮೆ. ಬದುಕಿರುವುದರ ನಡುವೆ ಗಿಳಿಮೀನುಗಳು ಕಟಕಟನೆ ಹವಳ ಕಚ್ಚುವ ಸದ್ದು ಕಿವಿಗೇ ಕೇಳಿಸುತ್ತದೆ. ಅವು ತಿಂದು ಹೊರಹಾಕುವ ಪುಡಿಯೇ ದಡದ ಬಿಳಿ ಮರಳಿನ ದೊಡ್ಡ ಪಾಲು. ಆ ಮೀನುಗಳು ನಿಂತರೆ ದ್ವೀಪವೂ ಸವೆಯುತ್ತದೆ. ಹವಳ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಹುಲಿಯ ಸಾಲಿನಲ್ಲಿ. ಸತ್ತ ತುಂಡನ್ನೂ ತರುವಂತಿಲ್ಲ. ನಮ್ಮ ಒಬ್ಬ ಹುಡುಗಿ ಗೋದಲಿಗಾಗಿ ಒಂದು ತುಂಡು ಹವಳವನ್ನು ಕಿಸೆಗೆ ಹಾಕಿಕೊಂಡಿದ್ದಳು. ದೋಣಿಯ ಹುಡುಗ ನೋಡಿ ನಕ್ಕು ಕೈ ಚಾಚಿದ. ಅವಳೇ ನೀರಿಗೆ ಹಾಕಿದಳು.

ಗುರಿಕಾರರು ಗಾಜಿನ ತಳದ ದೋಣಿಯಲ್ಲಿ ಪತ್ನಿಯ ಜೊತೆ ಕುಳಿತು ಮೀನು ನೋಡಿದರು. ಮೊಮ್ಮಗ ಕೆಳಗಿನಿಂದ ಬಂದು ಗಾಜಿಗೆ ಮುಖವಿಟ್ಟು ಅಜ್ಜನಿಗೆ ಕೈಬೀಸಿದಾಗ ಅವರು ಗಾಜಿನ ಮೇಲೆ ಅಂಗೈ ಇಟ್ಟರು. ನಾಲ್ಕನೆಯ ದಿನ ಚೀಲ ಹಡಗಿನಲ್ಲೇ ಸಿಕ್ಕಿತು. ಹಿಂದಿರುಗುವಾಗ ಅದನ್ನು ಕೊರಳಿಗೆ ಕಟ್ಟಿಕೊಂಡೇ ಮಲಗಿದ್ದರು.

ಮುಂದಿನ ಈಸ್ಟರ್ ನಂತರ ಇನ್ನೊಂದು ತಂಡ ಹೊರಡಲಿದೆ. ಹೆಸರು ಕೊಡುವವರು ಮೊದಲು ಆರೋಗ್ಯದ ಫಾರ್ಮನ್ನು ಮನೆಗೆ ಒಯ್ದು, ವೈದ್ಯರಿಗೆ ತೋರಿಸಿ ತರಬೇಕು. ಫಾರ್ಮುಗಳು ಭಾನುವಾರದ ಪೂಜೆಯ ನಂತರ ಸಭಾಭವನದಲ್ಲಿ ಗುರಿಕಾರರ ಕೈಯಲ್ಲೇ ಸಿಗುತ್ತವೆ.