ಎರಡು ವ್ಯವಸ್ಥೆಗಳ ಗಣಕಯಂತ್ರ: ಆರಂಭದ ತೊಡಕುಗಳು ಮತ್ತು ಪರಿಹಾರ

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಮುಂಗಾರೆಂದರೆ ಬರಿಯ ಮಳೆಯಲ್ಲ. ಸಿಡಿಲು, ಉರುಳುವ ಮರ, ತುಂಡಾಗುವ ತಂತಿ ಇವೆಲ್ಲ ಅದರ ಪರಿವಾರ. ಲಿಂಗನಮಕ್ಕಿಯಲ್ಲಿ ನಿಂತ ನೀರು ನಾಡಿಗೆಲ್ಲ ವಿದ್ಯುತ್ತನ್ನು ನೀಡುತ್ತಿದ್ದರೂ, ಆ ನೀರಿನ ತವರಿನಲ್ಲಿಯೇ ಜಡಿಮಳೆಯ ದಿನಗಳಲ್ಲಿ ದೀಪ ಆರುವುದು ಅಪರೂಪವಲ್ಲ. ಅಂತಹ ರಾತ್ರಿಯ ಮರುದಿನ ಶಾಲೆಯ ಗಣಕಯಂತ್ರವನ್ನು ಚಾಲೂ ಮಾಡಿದರೆ, ಕಪ್ಪು ಪರದೆಯ ಮೇಲೆ ಅರ್ಥವಾಗದ ಒಂದೆರಡು ಪದಗಳು ಮಾತ್ರ ಮೂಡಿ ನಿಲ್ಲುವುದುಂಟು. ‘ಎಲ್ಲವನ್ನೂ ಅಳಿಸಿ ಹೊಸದಾಗಿ ತುಂಬಿಸಿಬಿಡೋಣ’ ಎಂಬ ಸಲಹೆ ಆಗ ಬಹುಬೇಗ ಬರುತ್ತದೆ. ಆ ಸಲಹೆಯಂತೆ ನಡೆದರೆ ಹಲವು ವರ್ಷಗಳ ಪ್ರಶ್ನೆಪತ್ರಿಕೆಗಳು, ಅಂಕಪಟ್ಟಿಗಳು, ಹಳೆಯ ವಿದ್ಯಾರ್ಥಿಗಳ ವಿಳಾಸಗಳು ಒಂದೇ ಗಳಿಗೆಯಲ್ಲಿ ಇಲ್ಲವಾಗುತ್ತವೆ. ಬಾಗಿಲ ಬೀಗ ಕೆಟ್ಟಿತೆಂದು ಕಣಜಕ್ಕೇ ಬೆಂಕಿಯಿಟ್ಟಂತೆ ಇದು.

ಒಂದೇ ಯಂತ್ರದಲ್ಲಿ ಎರಡು ಕಾರ್ಯಾಚರಣ ವ್ಯವಸ್ಥೆಗಳೇಕೆ ಎಂಬ ಪ್ರಶ್ನೆ ಸಹಜವಾದುದು. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ಯಲ್ಲಿ ಸಿದ್ಧಪಡಿಸಿದ ಹಳೆಯ ಕಡತಗಳಿಗಾಗಿ ವಿಂಡೋಸ್ ಬೇಕಾಗುತ್ತದೆ. ೧೯೯೧ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್, ಉಬುಂಟು ಮುಂತಾದ ರೂಪಗಳಲ್ಲಿ ಉಚಿತವಾಗಿ ದೊರೆಯುತ್ತದೆ. ವಿಂಡೋಸ್ ೧೦ಕ್ಕೆ ತಯಾರಕರ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ೧೪ರಂದು ಮುಗಿಯಿತು. ಹಳೆಯ ಯಂತ್ರಗಳಲ್ಲಿ ಅನೇಕವು ವಿಂಡೋಸ್ ೧೧ಕ್ಕೆ ಅರ್ಹವಲ್ಲ. ಆದುದರಿಂದ ದಾನಿಗಳು ಅಕ್ಕರೆಯಿಂದ ಕೊಟ್ಟ ಹಳೆಯ ಯಂತ್ರವನ್ನು ಮೂಲೆಗೆ ತಳ್ಳದೆ, ಅಂತರಜಾಲದ ಕೆಲಸಕ್ಕೆ ಲಿನಕ್ಸನ್ನೂ ಹಳೆಯ ಕಡತಗಳಿಗೆ ವಿಂಡೋಸನ್ನೂ ಇಟ್ಟುಕೊಳ್ಳುವುದು ವಿವೇಕದ ಮಾರ್ಗ.

ಇನ್ನು ಯಂತ್ರವು ಎಚ್ಚರಗೊಳ್ಳುವ ಕ್ರಮ. ಕವಲೇದುರ್ಗದ ಕೋಟೆಯನ್ನು ಹತ್ತಿದವರಿಗೆ ಇದು ಸುಲಭವಾಗಿ ತಿಳಿದೀತು. ಅಲ್ಲಿ ಒಂದಾದ ಮೇಲೊಂದು ಬಾಗಿಲನ್ನು ದಾಟಿಯೇ ಅರಮನೆಯ ನೆಲೆಯನ್ನು ತಲುಪಬೇಕು. ಗಣಕಯಂತ್ರದ ಮೊದಲ ಬಾಗಿಲು ಅದರ ಮುಖ್ಯ ಫಲಕದಲ್ಲಿಯೇ ನೆಲೆಸಿರುವ ತಂತ್ರಾಂಶ. ಹಳೆಯ ಯಂತ್ರಗಳಲ್ಲಿ ಇದು ಬಯಾಸ್, ಹೊಸವುಗಳಲ್ಲಿ ಯುಇಎಫ್ಐ. ಅದು ತಟ್ಟೆಯಲ್ಲಿ, ಎಂದರೆ ಹಾರ್ಡ್‌ಡಿಸ್ಕಿನಲ್ಲಿ, ಎರಡನೆಯ ಬಾಗಿಲನ್ನು ಹುಡುಕುತ್ತದೆ. ಹಳೆಯ ಪದ್ಧತಿಯಲ್ಲಿ ಈ ಬಾಗಿಲು ತಟ್ಟೆಯ ಮೊಟ್ಟಮೊದಲ ೫೧೨ ಬೈಟುಗಳಲ್ಲಿದೆ. ಅದರಲ್ಲಿಯೂ ಆರಂಭದ ಸೂಚನೆಗಳಿಗೆ ಇರುವುದು ೪೪೬ ಬೈಟು ಮಾತ್ರ. ಹೊಸ ಪದ್ಧತಿಯಲ್ಲಿ ಇದಕ್ಕೆಂದೇ ಒಂದು ಪುಟ್ಟ ವಿಭಾಗವಿರುತ್ತದೆ. ಅಲ್ಲಿರುವ ‘ಗ್ರಬ್’ ಎಂಬ ದ್ವಾರಪಾಲಕನು ‘ಲಿನಕ್ಸೋ, ವಿಂಡೋಸೋ’ ಎಂದು ಕೇಳಿ, ಆಯ್ದ ವ್ಯವಸ್ಥೆಗೆ ದಾರಿ ಬಿಡುತ್ತಾನೆ. ಶಾಲೆಯ ಕಡತಗಳಿರುವುದು ಈ ಎಲ್ಲ ಬಾಗಿಲುಗಳ ಆಚೆಗೆ. ಬಾಗಿಲು ಮುರಿದ ಮಾತ್ರಕ್ಕೆ ಒಳಗಿನ ಐಶ್ವರ್ಯ ಸೂರೆಹೋದಂತಲ್ಲ.

ತೊಡಕು ಯಾವ ಬಾಗಿಲಿನದೆಂಬುದನ್ನು ಲಕ್ಷಣಗಳಿಂದ ಗುರುತಿಸಬಹುದು. ದಿನಾಂಕವು ಹಲವು ವರ್ಷ ಹಿಂದಕ್ಕೆ ಸರಿದು, ಆರಂಭದ ಸರದಿಯೂ ಬದಲಾಗಿದ್ದರೆ ಮೊದಲ ಬಾಗಿಲಿನ ಪುಟ್ಟ ಬ್ಯಾಟರಿ ಸೋತಿದೆಯೆಂದು ತಿಳಿಯಬೇಕು. ನಾಣ್ಯದಾಕಾರದ, ಸಾಮಾನ್ಯವಾಗಿ ಸಿಆರ್ ೨೦೩೨ ಎಂಬ ಗುರುತಿನ ಈ ಮೂರು ವೋಲ್ಟಿನ ಬ್ಯಾಟರಿಗೆ ಬೆಲೆ ಅಲ್ಪ. ಆದರೆ ವಿಂಡೋಸಿನಲ್ಲಿ ಗಡಿಯಾರವು ಸರಿಯಾಗಿ ಐದೂವರೆ ಗಂಟೆ ಹಿಂದಿದ್ದರೆ ಅದು ಬ್ಯಾಟರಿಯ ದೋಷವಲ್ಲ. ಲಿನಕ್ಸ್ ಯಂತ್ರದ ಗಡಿಯಾರದಲ್ಲಿ ಜಾಗತಿಕ ಪ್ರಮಾಣ ಕಾಲವನ್ನು ಬರೆದಿಡುತ್ತದೆ. ವಿಂಡೋಸ್ ಅದನ್ನೇ ಸ್ಥಳೀಯ ಕಾಲವೆಂದು ಓದುತ್ತದೆ.

ವಿಂಡೋಸನ್ನು ಮರಳಿ ಸ್ಥಾಪಿಸಿದ ಬಳಿಕ ಲಿನಕ್ಸ್ ಕಾಣದಿದ್ದರೆ ಎರಡನೆಯ ಬಾಗಿಲು ಬದಲಾಗಿದೆ ಎಂದರ್ಥ. ಹೊಸ ಯಂತ್ರಗಳಲ್ಲಿ ಆರಂಭದ ಸರದಿಯಲ್ಲಿ ಲಿನಕ್ಸನ್ನು ಮೇಲಕ್ಕೆ ತಂದರೆ ಅನೇಕ ವೇಳೆ ಅಷ್ಟೇ ಸಾಕು. ‘ಗ್ರಬ್ ರೆಸ್ಕ್ಯೂ’ ಎಂಬ ಪದಗಳು ಮೂಡಿದರೆ ದ್ವಾರಪಾಲಕನಿಗೆ ತನ್ನ ಉಳಿದ ಕಡತಗಳು ಸಿಕ್ಕಿಲ್ಲ. ವಿಂಡೋಸಿನಲ್ಲಿದ್ದುಕೊಂಡು ಲಿನಕ್ಸಿನ ವಿಭಾಗವನ್ನು ಅಳಿಸಿದವರಿಗೆ ಇದು ಎದುರಾಗುತ್ತದೆ. ಗ್ರಬ್ ಪಟ್ಟಿಯಿಂದ ವಿಂಡೋಸ್ ಮಾತ್ರ ಮಾಯವಾಗಿದ್ದರೆ ಗಾಬರಿ ಬೇಡ. ೨೦೨೧ರ ೨.೦೬ನೆಯ ಆವೃತ್ತಿಯಿಂದ ಗ್ರಬ್ ಇತರ ವ್ಯವಸ್ಥೆಗಳನ್ನು ತಾನಾಗಿ ಹುಡುಕುವುದನ್ನು ನಿಲ್ಲಿಸಿದೆ. ಹುಡುಕಲು ಅನುಮತಿಯಿತ್ತು ಪಟ್ಟಿಯನ್ನು ನವೀಕರಿಸಿದರಾಯಿತು. ವಿದ್ಯುತ್ತು ಹಠಾತ್ತನೆ ಹೋದ ಬಳಿಕ ಲಿನಕ್ಸ್ ಅರ್ಧದಲ್ಲಿಯೇ ನಿಂತರೆ, ತಟ್ಟೆಯ ಕಡತವ್ಯವಸ್ಥೆಯನ್ನು ಪರೀಕ್ಷಿಸಿ ಸರಿಪಡಿಸುವ ‘ಎಫ್‌ಎಸ್‌ಸಿಕೆ’ ಆದೇಶವು ನೆರವಾಗುತ್ತದೆ.

ದುರಸ್ತಿಯಲ್ಲಿ ಕ್ರಮವೇ ಮುಖ್ಯ. ಮೊದಲು ಲಿನಕ್ಸ್ ತುಂಬಿದ ಪೆನ್‌ಡ್ರೈವಿನಿಂದ ಯಂತ್ರವನ್ನು ಆರಂಭಿಸಿ, ‘ಸ್ಥಾಪಿಸದೆ ಬಳಸು’ ಎಂಬುದನ್ನೇ ಆರಿಸಬೇಕು. ತಟ್ಟೆ ಕಂಡರೆ, ಬೇರಾವ ಕೆಲಸಕ್ಕೂ ಕೈಹಾಕುವ ಮುನ್ನ ಮುಖ್ಯ ಕಡತಗಳನ್ನು ಹೊರಗಿನ ತಟ್ಟೆಗೆ ನಕಲು ಮಾಡಿಕೊಳ್ಳಬೇಕು. ಅನಂತರವೇ ಗ್ರಬ್ಬನ್ನು ಮರಳಿ ನೆಲೆಗೊಳಿಸಬೇಕು. ಲಿನಕ್ಸ್ ಇನ್ನು ಬೇಡವೆಂದಾದರೆ ವಿಂಡೋಸಿನ ಸ್ಥಾಪನಾ ಪೆನ್‌ಡ್ರೈವಿನಲ್ಲಿರುವ ದುರಸ್ತಿ ವಿಭಾಗದಿಂದ ಅದರ ಬಾಗಿಲನ್ನು ಕಟ್ಟಿಕೊಡಬಹುದು. ತಟ್ಟೆಯೇ ಕಾಣದಿದ್ದರೆ, ಅಥವಾ ಅದು ಕಟಕಟ ಸದ್ದು ಮಾಡುತ್ತಿದ್ದರೆ, ಯಂತ್ರವನ್ನು ಆರಿಸಿ ಬಲ್ಲವರ ಬಳಿಗೆ ಒಯ್ಯುವುದೇ ಲೇಸು.

ಮುಂಜಾಗ್ರತೆಗೆ ಖರ್ಚು ಕಡಿಮೆ. ವಿಂಡೋಸಿನ ‘ಶೀಘ್ರ ಆರಂಭ’ ಸೌಲಭ್ಯವನ್ನು ನಿಲ್ಲಿಸಿರಬೇಕು. ಅದಿದ್ದರೆ ವಿಂಡೋಸ್ ಪೂರ್ಣವಾಗಿ ಮುಚ್ಚಿಕೊಳ್ಳದೆ, ಲಿನಕ್ಸ್ ಅದರ ವಿಭಾಗದಲ್ಲಿ ಬರೆಯಲು ಹಿಂಜರಿಯುತ್ತದೆ. ತಟ್ಟೆಗೆ ಬಿಟ್‌ಲಾಕರ್ ಬೀಗವಿದ್ದರೆ ಅದರ ೪೮ ಅಂಕೆಗಳ ಕೀಲಿಯನ್ನು ಕಾಗದದಲ್ಲಿ ಬರೆದು ಕಚೇರಿಯ ಕಪಾಟಿನಲ್ಲಿ ಭದ್ರವಾಗಿಡಬೇಕು. ಮೊದಲ ಬಾಗಿಲಿನಲ್ಲಿ ಕೈಯಾಡಿಸಿದಾಗ ಯಂತ್ರವು ಅದನ್ನು ಕೇಳಬಹುದು. ಒಂದು ಯುಪಿಎಸ್, ಒಂದು ಪೆನ್‌ಡ್ರೈವ್, ವಾರಕ್ಕೊಮ್ಮೆ ಕಡತಗಳ ನಕಲು ಇವಿಷ್ಟಿದ್ದರೆ ಮಳೆಗಾಲವನ್ನು ಧೈರ್ಯದಿಂದ ಎದುರಿಸಬಹುದು. ಗುಡುಗು ಆರಂಭವಾದಾಗ ತಂತಿಯನ್ನು ಗೋಡೆಯಿಂದ ಕೀಳುವ ಅಭ್ಯಾಸವೂ ಬೇಕು.

ಯಂತ್ರವನ್ನು ದಾನವಾಗಿ ಕೊಟ್ಟವರಿಗೆ ಅದರ ಬಾಳಿಕೆಯೇ ಕೃತಜ್ಞತೆ. ಕಡತವನ್ನು ಕಷ್ಟಪಟ್ಟು ಸಿದ್ಧಪಡಿಸಿದ ಶಿಕ್ಷಕರಿಗೆ ಅದರ ರಕ್ಷಣೆಯೇ ಗೌರವ. ಇವೆರಡಕ್ಕೂ ಬೇಕಾದುದು ಮಹಾಪಾಂಡಿತ್ಯವಲ್ಲ. ಅಳಿಸುವ ಮುನ್ನ ಒಂದು ಗಳಿಗೆ ನಿಂತು, ಕೆಟ್ಟಿರುವುದು ಬಾಗಿಲೋ ಮನೆಯೋ ಎಂದು ನೋಡುವ ತಾಳ್ಮೆ.