ಎದೆನೋವಿಗೆ ಲಾಕ್‌ಡೌನ್ ಇರಲಿಲ್ಲ



2020ರ ಮಾರ್ಚ್ 22ರ ಸಂಜೆ ಬಾಲ್ಕನಿಯಲ್ಲಿ ನಿಂತು ತಟ್ಟೆ ಬಡಿದದ್ದು ನಿಮಗೆ ನೆನಪಿರಬಹುದು. 25ರಿಂದ ದೇಶವೇ ಬಂದ್. ರೈಲು ನಿಂತಿತು, ಹೋಟೆಲುಗಳು ಮುಚ್ಚಿದವು. ಏಪ್ರಿಲ್ 14ರಂದು ಲಾಕ್‌ಡೌನ್ ಮುಂದುವರಿದಾಗ, ಊರಿಗೆ ಕಳಿಸಿ ಎಂದು ಮುಂಬೈನ ಬಾಂದ್ರಾ ನಿಲ್ದಾಣದ ಬಳಿ ಸಾವಿರಕ್ಕೂ ಹೆಚ್ಚು ಕಾರ್ಮಿಕರು ಸೇರಿದರು. ಆ ಸಂಕಟ ಟಿವಿಯಲ್ಲಿ ಕಂಡಿತು.

ಕಾಣದೆ ಹೋದದ್ದು ಮನೆಯೊಳಗಿನ ಎದೆನೋವು. ಮಾರ್ಚ್ ಮಧ್ಯದಿಂದ ಜೂನ್ ಮಧ್ಯದವರೆಗೆ ದೇಶದ 187 ಆಸ್ಪತ್ರೆಗಳಲ್ಲಿ ಹೃದಯಾಘಾತಕ್ಕೆ ದಾಖಲಾದವರು 2019ಕ್ಕಿಂತ ಸುಮಾರು 35% ಕಡಿಮೆ. ಕಾಯಿಲೆಯೇ ಇಳಿದಿತ್ತು ಎಂದು ಸಮಾಧಾನಪಡುವಂತಿಲ್ಲ. ಆಸ್ಪತ್ರೆಯಲ್ಲಿ ಸೋಂಕು ತಗಲೀತೆಂಬ ಭಯ, ಸಿಗದ ಗಾಡಿ, ನಿಂತ ಸಂಬಳ. ಎಷ್ಟೋ ಜನ ‘ಗ್ಯಾಸ್ ಇರಬೇಕು’ ಎಂದು ಮನೆಯಲ್ಲೇ ಉಳಿದರು.

ರಕ್ತನಾಳ ಮುಚ್ಚಿಕೊಂಡರೆ ಹೃದಯದ ಸ್ನಾಯು ಸ್ವಲ್ಪಸ್ವಲ್ಪವೇ ಸಾಯುತ್ತದೆ. ಸತ್ತ ಭಾಗ ಮತ್ತೆ ಚಿಗುರುವುದಿಲ್ಲ. ಜೀವ ಉಳಿದರೂ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರಬಹುದು. ದುಡಿದು ತಿನ್ನುವವರಿಗೆ ಅದು ಲಾಕ್‌ಡೌನ್ ಮುಗಿದರೂ ಮುಗಿಯದ ನಷ್ಟ.

ಆ ದಿನಗಳು ಹೋದವು, ‘ನಾಳೆ ನೋಡೋಣ’ ಎಂಬ ಅಭ್ಯಾಸ ಹೋಗಿಲ್ಲ. ಪರವೂರಿನಲ್ಲಿರುವ ನಮ್ಮವರು ‘ಊರಿಗೆ ಹೋದಾಗ ತೋರಿಸೋಣ’ ಎಂದೂ ಸೇರಿಸುತ್ತಾರೆ. ದಯವಿಟ್ಟು ಹಾಗೆ ಕಾಯಬೇಡಿ.

✅ ಎದೆ ಹಿಂಡಿದಂತಾಗುವುದು, ತೋಳಿಗೆ ಅಥವಾ ದವಡೆಗೆ ಹರಡುವ ನೋವು, ತಣ್ಣನೆಯ ಬೆವರು: ಇವು ಎಚ್ಚರಿಕೆಯ ಗಂಟೆ.
✅ ಸಕ್ಕರೆ ಕಾಯಿಲೆಯವರಿಗೆ ನೋವಿಲ್ಲದೆ ಬರೀ ಉಬ್ಬಸವೂ ಬರಬಹುದು.
✅ ತಕ್ಷಣ 108ಕ್ಕೆ, ದೆಹಲಿಯಲ್ಲಿ 102ಕ್ಕೆ ಕರೆ ಮಾಡಿ. ಇಸಿಜಿ ಮಾಡುವ ಹತ್ತಿರದ ಆಸ್ಪತ್ರೆ ಯಾವುದೆಂದು ಇಂದೇ ತಿಳಿದುಕೊಳ್ಳಿ.
✅ ಕೆಲಸ ಹೋದರೂ ಬಿಪಿ, ಸಕ್ಕರೆ ಮಾತ್ರೆ ನಿಲ್ಲಿಸಬೇಡಿ. ದುಡ್ಡಿನ ತೊಂದರೆಯಿದ್ದರೆ ವೈದ್ಯರಿಗೆ ಹೇಳಿ. ಜನೌಷಧಿ ಕೇಂದ್ರದಲ್ಲಿ ಅಗ್ಗಕ್ಕೆ ಸಿಗುತ್ತವೆ.

ಒಂಟಿಯಾಗಿರುವ ನಿಮ್ಮ ಊರಿನವರಿಗೂ ಇದನ್ನು ತಲುಪಿಸಿ. 🙏